ಪುಟ್ಟಿ, ಗ್ರೇಟ್ ಎರಡಿವೆ

ಪುಟ್ಟಿ, ನಿನ್ನ ಬೆಳಗಿನ ಮೆಸೇಜ್ ಈಗ ನೋಡಿದೆ. ನನ್ನ ಉತ್ತರ ಸ್ವಲ್ಪ ಉದ್ದ ಆಗುತ್ತೆ, ನಿಧಾನಕ್ಕೆ ಕೇಳು. ಬೇರೆಯವರಿಗೂ ಗೊತ್ತಾಗಲಿ ಅಂತ ಮೊದಲು ವಿಷಯ ಹೇಳಿಬಿಡುತ್ತೇನೆ.

ಪುಟ್ಟಿ ವರ್ಡಲ್ ಆಡುತ್ತಿದ್ದಾಳೆ. ಐದು ಅಕ್ಷರದ ಒಂದು ಇಂಗ್ಲಿಷ್ ಪದವನ್ನು ಆರು ಸಲದೊಳಗೆ ಹಿಡಿಯಬೇಕು. ಮೊದಲ ಸಲಕ್ಕೆ 'ರಿಯಾಕ್ಟ್' ಹಾಕಿದ್ದಾಳೆ, ಆರ್-ಇ-ಎ-ಸಿ-ಟಿ. ನಡುವಿನ ಎ ಹಸಿರಾಗಿದೆ, ಅಂದರೆ ಸರಿಯಾದ ಮನೆಯಲ್ಲೇ ಕೂತಿದೆ. ಆರ್, ಇ, ಟಿ ಮೂರೂ ಹಳದಿ. ಪದದಲ್ಲಿ ಇವೆ, ಆದರೆ ಮನೆ ತಪ್ಪು. ಸಿ ಇಲ್ಲವೇ ಇಲ್ಲ. ಈ ನಾಲ್ಕು ಅಕ್ಷರ ಇರುವ ಪದಗಳ ಪಟ್ಟಿ ಯಾರಾದರೂ ಕಳಿಸಿ ಅಂತ ಕೇಳಿದ್ದಾಳೆ. ಅಣ್ಣ 'ಗ್ರೇಟ್' ಅಂದ. ಟಿ ಕೊನೆಯಲ್ಲಿ ಬರುವಂತಿಲ್ಲ, ಅದಾಗಲ್ಲ ಅಂತ ಪುಟ್ಟಿ ಅಂದಳು. ಮಾತು ಅಲ್ಲಿಗೇ ನಿಂತಿದೆ.

ಆದರೆ ಗ್ರೇಟ್ ಎರಡಿವೆ, ಪುಟ್ಟಿ. ದೊಡ್ಡದು ಅನ್ನುವ ಗ್ರೇಟ್ ಜಿ-ಆರ್-ಇ-ಎ-ಟಿ. ತುರಿಯುವುದು ಅನ್ನುವ ಗ್ರೇಟ್ ಜಿ-ಆರ್-ಎ-ಟಿ-ಇ. ಅವೇ ಐದು ಅಕ್ಷರ, ಕಿವಿಗೆ ಒಂದೇ ಸದ್ದು. ನೀನು ತಳ್ಳಿಹಾಕಿದ್ದು ಮೊದಲನೆಯದನ್ನು. ಎರಡನೆಯದು ನಿನ್ನ ಬಣ್ಣಗಳಿಗೆ ಸರಿಯಾಗಿ ಕೂರುತ್ತದೆ ನೋಡು.

ನಾವು ಎಡವುವುದೇ ಇಲ್ಲಿ. ಕನ್ನಡದಲ್ಲಿ ಕೇಳಿದ್ದನ್ನೇ ಬರೆಯುತ್ತೇವೆ, ಬರೆದದ್ದನ್ನೇ ಓದುತ್ತೇವೆ. ಹಾಗಾಗಿ ಪದ ಹುಡುಕುವಾಗ ಮನಸ್ಸು ಮೊದಲು ಸದ್ದಿನ ಹಿಂದೆ ಹೋಗುತ್ತದೆ. ರಾತ್ರಿ ಅನ್ನುವ ನೈಟ್ ಕನ್ನಡದಲ್ಲಿ ಬರೆದರೆ ಎರಡೇ ಅಕ್ಷರ. ಇಂಗ್ಲಿಷ್‌ನಲ್ಲಿ ಐದು, ಅದರಲ್ಲಿ ಜಿ ಮತ್ತು ಎಚ್ ಬಾಯೇ ಬಿಡುವುದಿಲ್ಲ. ಚದುರಂಗದ ಕುದುರೆಗೂ ನೈಟ್ ಅನ್ನುತ್ತಾರೆ, ಅದಕ್ಕೆ ಮುಂದೊಂದು ಕೆ ಸೇರಿ ಆರು. ಸಾಲು ಅನ್ನುವ ಕ್ಯೂ ಪದದಲ್ಲಿ ಕ್ಯೂ ಆದಮೇಲೆ ನಾಲ್ಕು ಅಕ್ಷರ ಸುಮ್ನೆ ನಿಂತಿವೆ. ಈ ಆಟ ಕಿವಿಯಿಂದ ಆಡುವುದಲ್ಲ, ಕಣ್ಣಿಂದ ಆಡುವುದು. ಐದು ಮನೆ ಬರೆದುಕೊಂಡು ಯಾವ ಅಕ್ಷರ ಎಲ್ಲಿ ಕೂರಬಹುದು ಅಂತ ನೋಡಬೇಕು.

ಈಗ ನಿನ್ನದನ್ನೇ ಹಾಗೆ ನೋಡೋಣ. ಕಾಗದ ತಗೋ. ಮೂರನೇ ಮನೆಗೆ ಎ ಬರೆ. ಇ ಎರಡನೇ ಮನೆಯಲ್ಲಿ ಆಗಲ್ಲ ಅಂತ ಗೊತ್ತಾಗಿದೆ. ಮೊದಲನೆಯದರಲ್ಲಿ, ನಾಲ್ಕನೆಯದರಲ್ಲಿ ಇಟ್ಟು ನೋಡು, ಪದವೇ ಹುಟ್ಟುವುದಿಲ್ಲ. ಹಾಗಾಗಿ ಇ ಕೊನೆಗೆ. ಇನ್ನು ಟಿ. ಅದು ಒಂದನೇ ಮನೆಯಲ್ಲಿದ್ದರೆ 'ಟ್ರೇಡ್'. 'ಟ್ರೇಸ್' ಕೂಡ ಬರುತ್ತಿತ್ತು, ಆದರೆ ಸಿ ಇಲ್ಲವಲ್ಲ. ಟಿ ಎರಡರಲ್ಲಿದ್ದರೆ ದಿಟ್ಟಿಸಿ ನೋಡುವ 'ಸ್ಟೇರ್'. ನಾಲ್ಕರಲ್ಲಿದ್ದರೆ 'ಗ್ರೇಟ್', ಸಿಟ್ಟಾದವನು ಅನ್ನುವ 'ಐರೇಟ್', ಆಮೇಲೆ ಜಾಸ್ತಿ ಬಳಕೆ ಇಲ್ಲದ 'ಒರೇಟ್', 'ಪ್ರೇಟ್'. ನನಗೆ ಕಂಡಿದ್ದು ಇಷ್ಟು, ಆರು ಪದ. ಯಾರ ಪಟ್ಟಿಯೂ ಬೇಕಾಗಲಿಲ್ಲ, ಅಲ್ವಾ?

ಒಂದೊಂದಾಗಿ ಹಾಕುತ್ತಾ ಹೋಗಬೇಡ. ನಿನಗೆ ಉಳಿದಿರುವುದು ಐದೇ ಸಲ. ಈ ಸಲ ಉತ್ತರ ಅಲ್ಲದ ಒಂದು ಪದ ಹಾಕು: 'ಗಿಲ್ಡ್ಸ್'. ಜಿ-ಐ-ಎಲ್-ಡಿ-ಎಸ್. ಚಿನ್ನದ ಲೇಪ ಹಚ್ಚುವುದು ಅಂತ ಅರ್ಥ. ಜಿ ಹಸಿರಾದರೆ ಗ್ರೇಟ್. ಡಿ ಹಸಿರಾದರೆ ಟ್ರೇಡ್. ಐ ಹಳದಿಯಾದರೆ ಐರೇಟ್. ಎಸ್ ಹಳದಿಯಾದರೆ ಸ್ಟೇರ್. ಐದೂ ಬೂದು ಬಣ್ಣಕ್ಕೆ ತಿರುಗಿದರೆ ಒರೇಟ್, ಪ್ರೇಟ್ ಎರಡೇ ಉಳಿಯುತ್ತವೆ. ಹಾರ್ಡ್ ಮೋಡ್ ಹಾಕಿಕೊಂಡಿದ್ದರೆ ಮಾತ್ರ ಈ ದಾರಿ ಇಲ್ಲ, ಸಿಕ್ಕ ಅಕ್ಷರಗಳನ್ನು ಬಳಸಲೇಬೇಕು.

ಇದೇ ಉಪಾಯ ಆ ನೈಟ್ ಗುಂಪಿಗೂ ಬೇಕು. ಐ-ಜಿ-ಎಚ್-ಟಿ ಹಸಿರಾಯಿತು ಅಂದರೆ ಖುಷಿಯಾಗುತ್ತದೆ, ಆದರೆ ಮೊದಲ ಮನೆಗೆ ಎಷ್ಟು ಜನ ನೋಡು: ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್. ಎಂಟು! ಆಗ 'ಫಾರ್ಮ್ಸ್' ಹಾಕಿದರೆ ಎಫ್, ಆರ್, ಎಂ, ಎಸ್ ನಾಲ್ಕೂ ಒಂದೇ ಸಲಕ್ಕೆ ಗೊತ್ತಾಗುತ್ತವೆ.

ಅಕ್ಷರಗಳ ಸ್ವಭಾವ ಗೊತ್ತಿದ್ದರೆ ಇನ್ನೂ ಸಲೀಸು. ಇ ಎಷ್ಟು ಜಾಸ್ತಿ ಬರುತ್ತದೆ ಅಂದರೆ ಚುಕ್ಕೆ-ಗೆರೆಗಳಲ್ಲಿ ತಂತಿ ಸಂದೇಶ ಕಳಿಸುವ ಮೋರ್ಸ್ ಕೋಡ್‌ನಲ್ಲಿ ಅದಕ್ಕೆ ಬರೀ ಒಂದು ಚುಕ್ಕೆ, ಟಿಗೆ ಒಂದು ಗೆರೆ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಮಾಡಿದ ಆಲ್‌ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆ ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಕೂತು ಎಣಿಸಿದರಂತೆ. ಅದರ 100 ಬಿಲ್ಲೆಗಳಲ್ಲಿ ಇ 12 ಇವೆ. ಕ್ಯೂ, ಝಡ್ ಒಂದೊಂದೇ, 10 ಅಂಕ. ಆ ತಾಳ್ಮೆ ನೆನೆಸಿಕೊಂಡರೆ ನನಗೆ ಇವತ್ತಿಗೂ ಗೌರವ ಬರುತ್ತದೆ.

ಕ್ಯೂ ಬಂದರೆ ಹಿಂದೆಯೇ ಯು ಬರುತ್ತದೆ. ತಪ್ಪಿಸುವುದು ಹೆಚ್ಚಾಗಿ ಅರಬ್ಬಿಯಿಂದ ಬಂದ ನಿಕಾಬ್, ಫಕೀರ್ ಥರದ ಪದಗಳು. ವಿ ಕೊನೆಯಲ್ಲಿ ನಿಲ್ಲುವುದು ಅಪರೂಪ, ಜೊತೆಗೆ ಇ ಬೇಕು, ಗಿವ್, ಲವ್, ಸಾಲ್ವ್ ಹಾಗೆ. ಎ, ಇ, ಐ, ಓ, ಯು ಯಾವುದೂ ಸಿಗದೇ ಹೋದರೆ ಹೆದರಬೇಡ, ವೈ ಇದೆ ಅಂತ ನೆನಪಿಟ್ಟುಕೋ. ನಿಂಫ್, ಕ್ರಿಪ್ಟ್, ಗ್ಲಿಫ್ ಎಲ್ಲಾ ಹಾಗೆ ಬಂದವು.

ಇನ್ನೊಂದು ಮಾತು. ಜೋಶ್ ವಾರ್ಡಲ್ 2021ರಲ್ಲಿ ಈ ಆಟವನ್ನು ಎಲ್ಲರಿಗೂ ಬಿಟ್ಟಾಗ ಸುಮಾರು 13,000 ಪದಗಳನ್ನು ಅದು ಒಪ್ಪುತ್ತಿತ್ತು, ಆದರೆ ಉತ್ತರವಾಗಿ ಇಟ್ಟಿದ್ದು ಸುಮಾರು 2,300 ಮಾತ್ರ, ಅದೂ ಬಳಕೆಯಲ್ಲಿರುವ ಪದಗಳು. ಅದಕ್ಕೇ ಒರೇಟ್, ಪ್ರೇಟ್ ಕಡೆ ನಾನು ಜಾಸ್ತಿ ವಾಲುವುದಿಲ್ಲ. ನನ್ನ ಮನಸ್ಸು ಟ್ರೇಡ್ ಅನ್ನುತ್ತಿದೆ. ಆದರೂ ಮೊದಲು ಗಿಲ್ಡ್ಸ್ ಹಾಕು. ರಾತ್ರಿ 12ಕ್ಕೆ ಪದ ಬದಲಾಗುತ್ತದೆ, ಅಷ್ಟರೊಳಗೆ ಹಾಕಿ ಯಾವ ಮನೆಗೆ ಯಾವ ಬಣ್ಣ ಬಂತು ಅಂತ ಇಲ್ಲೇ ಹೇಳು, ಕಾಯುತ್ತಿರುತ್ತೇನೆ.