ಖಾಲಿ ಜಾಗದಲ್ಲಿ ಶೆಡ್ ಹಾಕ್ಕೊಂಡಿರೋರನ್ನ ಎಬ್ಬಿಸೋದು ಸರೀನಾ?

ವರ್ತೂರು ನಿವಾಸಿ:
ನಮ್ಮ ಅಪಾರ್ಟ್‌ಮೆಂಟ್ ಹಿಂದೆ ಒಂದು ದೊಡ್ಡ ಖಾಲಿ ಜಾಗ ಇದೆ, ಓನರ್ ಫಾರಿನ್ನಲ್ಲಿದಾರಂತೆ, ವರ್ಷಗಟ್ಲೆ ಈ ಕಡೆ ತಲೆ ಹಾಕಿಲ್ಲ. ಅಲ್ಲಿ ರಾಯಚೂರು, ಯಾದಗಿರಿ ಕಡೆಯೋರು ನೀಲಿ ಟಾರ್ಪಾಲ್ ಶೆಡ್ ಹಾಕ್ಕೊಂಡಿದಾರೆ. ಗಂಡಸ್ರು ಗಾರೆ ಕೆಲಸ, ಹೆಂಗಸ್ರು ನಮ್ಮ ಮನೆಗಳಲ್ಲೇ ಪಾತ್ರೆ ತೊಳೀತಾರೆ. ಈಗ ಅಸೋಸಿಯೇಷನ್ನೋರು ಅವರನ್ನ ಖಾಲಿ ಮಾಡಿಸಿ ಅಂತ ಕಂಪ್ಲೇಂಟ್ ಬರೆದು ಎಲ್ರ ಸಹಿ ಕೇಳ್ತಿದಾರೆ, ನಂಗೆ ಮನಸ್ಸು ಬರ್ತಿಲ್ಲ. ಇನ್ನೊಬ್ರ ಜಾಗ ಅನ್ನೋದು ನಿಜ, ಆದ್ರೆ ಕೂಲಿ ಮಾಡೋರು ಇಲ್ಲಿ ಅಡ್ವಾನ್ಸ್ ಕೊಟ್ಟು ಮನೆ ಹಿಡಿಯಕ್ಕಾಗುತ್ತಾ? ಏನ್ ಮಾಡ್ಲಿ?

ಮಂಜು ಕೆಂಗೇರಿ:
ಕಷ್ಟ ಇದೆ ಅಂತ ಇನ್ನೊಬ್ರ ಜಾಗಕ್ಕೆ ಸೇರ್ಕೊಳೋದು ತಪ್ಪೇ ಸಾರ್. ನಮ್ಮಪ್ಪ ರಿಟೈರ್ಮೆಂಟ್ ದುಡ್ಡಲ್ಲಿ ತಗೊಂಡ ಸೈಟಿಗೆ ಯಾರೋ ರಾತ್ರೋರಾತ್ರಿ ಬೇಲಿ ಹಾಕಿದ್ರು, ಇವತ್ತಿಗೂ ಕೋರ್ಟಿಗೆ ಅಲೀತಿದೀವಿ. ಓನರ್ 12 ವರ್ಷ ಸುಮ್ನಿದ್ರೆ ಲಿಮಿಟೇಷನ್ ಕಾಯ್ದೆ ಪ್ರಕಾರ ಜಾಗಾನೇ ಕೈತಪ್ಪಿ ಸೇರ್ಕೊಂಡೋರ ಪಾಲಾಗಬಹುದು, ಗೊತ್ತಿರ್ಲಿ. ಸಹಿ ಹಾಕಿ.

ಶೋಭಾ ಮೇಡಂ:
ಮಂಜು ಅವ್ರೇ, ನಿಮ್ಮ ಸೈಟಿಗೆ ಬೇಲಿ ಹಾಕಿದೋರು ಬೇರೆ, ಶೆಡ್ಡಲ್ಲಿರೋರು ಬೇರೆ. ನಾನು ಇಂಥ ಶೆಡ್ ಮಕ್ಕಳಿಗೆ ಸಂಜೆ ಪಾಠ ಹೇಳ್ತೀನಿ. ಅಲ್ಲಿ ತಿಂಗಳ ಮೊದಲ ವಾರ ಬೈಕಲ್ಲಿ ಒಬ್ಬ ಬರ್ತಾನೆ, ಶೆಡ್ಡಿಗಿಷ್ಟು ಅಂತ ನೆಲಬಾಡಿಗೆ ವಸೂಲಿ ಮಾಡ್ತಾನೆ, ರಸೀದಿ ಇಲ್ಲ ಏನಿಲ್ಲ, ಬಲ್ಬಿಗೆ ವೈರ್ ಎಳೆದಿದ್ದಕ್ಕೆ ಬೇರೆ ದುಡ್ಡು. ಹಂಗೆ ಬಾಡಿಗೆ ಕೊಟ್ಕೊಂಡಿರೋರಿಗೆ ಆ 12 ವರ್ಷದ ಹಕ್ಕು ಹುಟ್ಟೋದೂ ಕಷ್ಟ. ಒತ್ತುವರಿ ಮಾಡಿರೋನು ಆ ಬೈಕಿನೋನು, ಆದ್ರೆ ಜೆಸಿಬಿ ಬಂದ್ರೆ ಪಾತ್ರೆ ಪಗಡೆ ಬೀದಿಗೆ ಬೀಳೋದು ಇವರದ್ದು. 2013ರ ಜನವರೀಲಿ ಈಜಿಪುರದಲ್ಲಿ ನೋಡಿದೀವಲ್ಲ, ಮನೆ ಒಡೆದ್ಮೇಲೆ ಎಷ್ಟೋ ಸಂಸಾರ ಫುಟ್‌ಪಾತಲ್ಲೇ ಇದ್ವು.

ವಕೀಲ ಬಸವನಗುಡಿ:
ಮುಂಬೈ ಫುಟ್‌ಪಾತಲ್ಲಿ ವಾಸ ಇದ್ದೋರ ಬಗ್ಗೆ ಬಂದ 1985ರ ಓಲ್ಗಾ ಟೆಲಿಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಎರಡೂ ಹೇಳಿದೆ. ಫುಟ್‌ಪಾತಲ್ಲಿ ಮನೆ ಮಾಡ್ಕೊಳೋ ಹಕ್ಕು ಯಾರಿಗೂ ಇಲ್ಲ, ಆದ್ರೆ ಇರೋ ಜಾಗ ಕಿತ್ಕೊಂಡ್ರೆ ಹೊಟ್ಟೆಪಾಡೂ ಹೋಗುತ್ತೆ, ಅದು ಸಂವಿಧಾನದ ಆರ್ಟಿಕಲ್ 21ರ ಬದುಕೋ ಹಕ್ಕಿಗೆ ಬರುತ್ತೆ, ಅದಕ್ಕೇ ನೋಟಿಸ್ ಕೊಡದೆ ಅವರ ಮಾತು ಕೇಳದೆ ಎಬ್ಬಿಸೋ ಹಾಗಿಲ್ಲ ಅಂತ. ನಿಮ್ಮದು ಖಾಸಗಿ ಜಾಗ, ಹಾಗಾಗಿ ಖಾಲಿ ಮಾಡ್ಸಕ್ಕೆ ಓನರ್ ಕೋರ್ಟಿಗೆ ಹೋಗ್ಬೇಕು, ಪಕ್ಕದ ಅಸೋಸಿಯೇಷನ್‌ಗೆ ಅದರಲ್ಲಿ ಏನು ಕೆಲಸ? 2020ರಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೋರು ಅಂತ ಗುಲ್ಲೆಬ್ಬಿಸಿ ಶೆಡ್ ಒಡೆದ್ರು, ಅದ್ರಲ್ಲಿ ಉತ್ತರ ಕರ್ನಾಟಕದ ಕೂಲಿಯೋರೂ ಇದ್ರು, ಕೊನೆಗೆ ಹೈಕೋರ್ಟ್ ಮಧ್ಯೆ ಬರ್ಬೇಕಾಯ್ತು.

ಮಂಜು ಕೆಂಗೇರಿ:
ಬಾಡಿಗೆ ವಸೂಲಿ ವಿಷ್ಯ ನಂಗೆ ಗೊತ್ತಿರ್ಲಿಲ್ಲ ಮೇಡಂ. ಆದ್ರೂ ಓನರ್ ಯಾಕೆ ನಷ್ಟ ಅನುಭವಿಸ್ಬೇಕು? ಮನೆ ಕೊಡ್ಬೇಕಾಗಿರೋದು ಸರ್ಕಾರ ಅಲ್ವಾ?

ಶೋಭಾ ಮೇಡಂ:
ಸರ್ಕಾರಾನೇ ಕೊಡ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಕೊಡೋವರೆಗೂ ಇವರು ಎಲ್ಲಿ ಮಲಗ್ಬೇಕು ಅಂತಾನೇ ನಾನು ಕೇಳ್ತಿರೋದು. ಮನೆಗೆಲಸಕ್ಕೆ ಬೆಳಗ್ಗೆ ಆರಕ್ಕೆ ಬನ್ನಿ ಅಂತೀವಿ, ಆದ್ರೆ ಹತ್ರದಲ್ಲಿ ಇರಬೇಡಿ ಅಂದ್ರೆ ಹೆಂಗೆ?

ವರ್ತೂರು ನಿವಾಸಿ:
ನಮ್ಮನೆಗೆ ಬರೋ ಅಕ್ಕನ್ನ ಕೇಳ್ದೆ, ಇಲ್ಲೂ ಹಂಗೇ, ತಿಂಗಳಿಗೆ ಎರಡು ಸಾವಿರ ಕೊಡ್ತಾರಂತೆ. ಸಹಿ ಹಾಕಲ್ಲ ಅಂತ ಸೆಕ್ರೆಟರಿಗೆ ಹೇಳ್ಬಿಟ್ಟೆ. ಭಾನುವಾರ ಮೀಟಿಂಗ್ ಇದೆ, ಮೊದ್ಲು ಓನರನ್ನ ಪತ್ತೆ ಮಾಡಿ ಮಾತಾಡೋಣ, ಮಕ್ಕಳ ಪರೀಕ್ಷೆ ಮುಗಿಯೋವರೆಗಾದ್ರೂ ಯಾರೂ ಮುಟ್ಟಬಾರ್ದು ಅಂತ ಕೇಳ್ತೀನಿ. ವಕೀಲರೇ, ಆ ತೀರ್ಪಲ್ಲಿ ಏನಿದೆ ಅಂತ ಒಂದು ಪುಟದಲ್ಲಿ ಬರೆದುಕೊಡ್ತೀರಾ, ಮೀಟಿಂಗಲ್ಲಿ ಓದ್ತೀನಿ.