ರೆಕಾರ್ಡ್ ಆದ ಮೇಲೂ ಆಕಸ್ಮಿಕ ಸದ್ದು ಆಕಸ್ಮಿಕವೇನಾ?

ರಾತ್ರಿಪಾಳಿ:
ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಮೂವರ ಜಾಝ್ ತಂಡ, ಬಿಲ್ ಇವಾನ್ಸ್ ಟ್ರಿಯೊ, 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಈಚೆಗೆ ಜಾಸ್ತಿ ಕೇಳುತ್ತಿದ್ದೇನೆ. ಮಧ್ಯೆ ಗ್ಲಾಸುಗಳ ಸದ್ದು, ಯಾರದೋ ಹರಟೆ. ಮೊದಲು ಕಿರಿಕಿರಿ ಆಗುತ್ತಿತ್ತು. ಈಗ ಗ್ಲಾಸು ಎಲ್ಲಿ ಟಿಣ್ ಅನ್ನುತ್ತದೆ ಅಂತ ಗೊತ್ತು, ಅದಕ್ಕೇ ಕಾಯುತ್ತೇನೆ, ಬಂದಾಗ ಅದೂ ತಾಳದ ಒಳಗೇ ಇದೆ ಅನ್ನಿಸುತ್ತದೆ. ಹಾಗಾದರೆ ಫ್ರೀ ಜಾಝ್ ಥರದ, ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವ ಸಂಗೀತವನ್ನು ಮತ್ತೆ ಮತ್ತೆ ಕೇಳಿ ಏನು ಉಪಯೋಗ? ಬಾಯಿಪಾಠ ಆಗಿಬಿಡುತ್ತದಲ್ಲ.

ಎಡಕಿವಿ:
ಆಗಲಿ ಬಿಡಿ, ಮಜಾ ಇರೋದೇ ಆಮೇಲೆ. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ಅನ್ನೋ ಆಲ್ಬಮ್ಮನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. 1960ರ ಡಿಸೆಂಬರ್‌ನಲ್ಲಿ ಎರಡು ಕ್ವಾರ್ಟೆಟ್, ಅಂದರೆ ನಾಲ್ಕು ನಾಲ್ಕು ಜನರ ತಂಡ, ಒಟ್ಟಿಗೆ ನಿಲ್ಲಿಸಿ ಒಂದೇ ಟೇಕಿನಲ್ಲಿ ಹಿಡಿದದ್ದು, ಸುಮಾರು 37 ನಿಮಿಷ. ಎಡಗಿವಿಗೆ ಕೋಲ್ಮನ್, ಡಾನ್ ಚೆರ್ರಿ ಇರುವ ತಂಡ. ಬಲಗಿವಿಗೆ ಎರಿಕ್ ಡಾಲ್ಫಿ, ಫ್ರೆಡ್ಡಿ ಹಬರ್ಡ್. ಒಂದು ಸಲ ಬರೀ ಎರಡು ಬಾಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ಹಿಡಿದುಕೊಂಡು ಹೋಗಿ, ಇನ್ನೊಂದು ಸಲ ಬಲಗಡೆಯ ಡ್ರಮ್ಸ್. ಎಂಟು ಜನ ನುಡಿಸುವುದೆಲ್ಲ ಒಂದೇ ಸಲಕ್ಕೆ ಯಾರ ಕಿವಿಗೂ ಸಿಗಲ್ಲ. ನನಗಂತೂ ಇನ್ನೂ ಬಾಯಿಪಾಠ ಆಗಿಲ್ಲ.

ಗೊಣಗಣ್ಣ:
ಇಬ್ಬರೂ ಎರಡು ಬೇರೆ ವಿಷಯ ಕಲಸುತ್ತಿದ್ದೀರಿ. ಕೋಲ್ಮನ್ ತಂಡದ್ದು ಆಕಸ್ಮಿಕ ಅಲ್ಲವೇ ಅಲ್ಲ, ಒಬ್ಬರು ನುಡಿಸಿದ್ದನ್ನು ಕೇಳಿಸಿಕೊಂಡು ಇನ್ನೊಬ್ಬರು ಅಲ್ಲೇ ಉತ್ತರ ಕೊಡುತ್ತಾರೆ, ಅದಕ್ಕೆ ವರ್ಷಗಳ ತಾಲೀಮು ಬೇಕು. ನಿಜವಾದ ಆಕಸ್ಮಿಕ ಬೇಕಾದರೆ ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ 1951ರಲ್ಲಿ ಬರೆದ ‘ಇಮ್ಯಾಜಿನರಿ ಲ್ಯಾಂಡ್‌ಸ್ಕೇಪ್ ನಂ. 4’ ನೋಡಿ. 12 ರೇಡಿಯೊ, 24 ಜನ. ಒಂದೊಂದು ರೇಡಿಯೊಗೆ ಇಬ್ಬರು, ಒಬ್ಬರು ಸ್ಟೇಷನ್ ತಿರುಗಿಸಿದರೆ ಇನ್ನೊಬ್ಬರು ವಾಲ್ಯೂಮ್ ನೋಡಿಕೊಳ್ಳುತ್ತಾರೆ. ಎಲ್ಲಿಗೆ ತಿರುಗಿಸಬೇಕು ಅನ್ನೋದು ಬರೆದಿದೆ, ಆದರೆ ಅಲ್ಲಿ ಆಗ ವಾರ್ತೆ ಬರುತ್ತದೋ ಹಾಡೋ ಬರೀ ಗೊರಗೊರವೋ, ಯಾರ ಕೈಯಲ್ಲೂ ಇಲ್ಲ. ಇಂಥದ್ದನ್ನು ರೆಕಾರ್ಡ್ ಮಾಡಿದರೆ ಉಳಿಯುವುದು ಒಂದು ಸಂಜೆಯ ರೇಡಿಯೊ ಅಷ್ಟೇ. ರಾತ್ರಿಪಾಳಿಯವರ ಪ್ರಶ್ನೆ ಕೇಳಬೇಕಾದ್ದು ಇದರ ಬಗ್ಗೆ. ರೆಕಾರ್ಡುಗಳೆಂದರೆ ಕೇಜ್‌ಗೂ ಅಷ್ಟಕ್ಕಷ್ಟೇ.

ರಾತ್ರಿಪಾಳಿ:
ಒಪ್ಪಿದೆ, ಆದರೆ ನನ್ನ ಗ್ಲಾಸು ಇವೆರಡರಲ್ಲಿ ಯಾವುದಕ್ಕೂ ಸೇರಲ್ಲ ಅಲ್ವಾ? ಅದನ್ನು ಯಾರೂ ನುಡಿಸಲಿಲ್ಲ, ಬರೆಯಲೂ ಇಲ್ಲ, ಸುಮ್ನೆ ಮೈಕಿಗೆ ಸಿಕ್ಕಿತು.

ಎಡಕಿವಿ:
ಅಂದಹಾಗೆ ‘ಫ್ರೀ ಜಾಝ್’ನಲ್ಲಿ ಎಡಗಡೆಯ ಬಾಸ್ ಸ್ಕಾಟ್ ಲಫಾರೊ ಅವರದು. ನಿಮ್ಮ ವ್ಯಾನ್‌ಗಾರ್ಡ್ ರೆಕಾರ್ಡಿನಲ್ಲಿ ಇರುವವರೂ ಅವರೇ, ಅದಾಗಿ ಎರಡು ವಾರ ಕಳೆಯುವ ಮೊದಲೇ ಕಾರ್ ಅಪಘಾತದಲ್ಲಿ ತೀರಿಕೊಂಡರು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ, ಬಾಸ್ ಮಾತ್ರ ಕೇಳಿ, ಆಮೇಲೆ ಬಂದು ಹೇಳಿ.