ಪದಚರ್ಚೆ: 'ಸೆಮಿ ಅಗ್ರೆಸಿವ್' ಮೀನಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹವಳದ ದಿಬ್ಬದ ಬಣ್ಣದ ಮೀನುಗಳನ್ನು ಅಂಗಡಿಯವರು ಮೂರು ಗುಂಪು ಮಾಡುತ್ತಾರೆ: ಪೀಸ್‌ಫುಲ್, ಸೆಮಿ ಅಗ್ರೆಸಿವ್, ಅಗ್ರೆಸಿವ್. ಮೊದಲನೆಯದಕ್ಕೆ 'ಸಾಧು' ಸಾಕು. ಕೊನೆಯದಕ್ಕೆ 'ಜಗಳಗಂಟ' ಅಂತ ಇಟ್ಟಿದ್ದೇನೆ. ನಡುವಿನದೇ ತೊಡಕು.

'ಅರೆ ಆಕ್ರಮಣಕಾರಿ' ಅಂದರೆ ಯುದ್ಧದ ಸುದ್ದಿ ಓದಿದ ಹಾಗಿರುತ್ತದೆ. ಅರ್ಥವೂ ಕೂಡುವುದಿಲ್ಲ. ಇವಕ್ಕೆ ಬರುವುದು ಪೂರ್ತಿ ಸಿಟ್ಟೇ, ಆದರೆ ಬಹುಪಾಲು ಜಾಗದ ವಿಷಯಕ್ಕೆ. ಮರೂನ್ ಕ್ಲೌನ್ ಅನ್ನುವ ಮೀನಿನ ಹೆಣ್ಣು ಬೆಳೆದರೆ 15 ಸೆಂಟಿಮೀಟರ್ ಆಸುಪಾಸು. ಗಾಜಿನ ಪಾಚಿ ಒರೆಸಲು ಕೈ ಇಳಿಸಿದರೆ ಬಂದು ಬೆರಳನ್ನೇ ಕಚ್ಚುತ್ತದೆ. ರಾಯಲ್ ಗ್ರಾಮಾ ಅನ್ನುವ ಮೀನಿಗೆ ಮುಂದಿನ ಅರ್ಧ ನೇರಳೆ, ಹಿಂದಿನರ್ಧ ಹಳದಿ. ಯಾರಾದರೂ ಹತ್ತಿರ ಬಂದರೆ ತನ್ನ ಗುಹೆಯ ಮುಂದೆ ನಿಂತು ಬಾಯಿ ಅಗಲಿಸಿ ಹೆದರಿಸುತ್ತದೆ. ದೂರ ಸರಿದವರ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಅದೇ ಬಣ್ಣದ ರಾಯಲ್ ಡಾಟಿಬ್ಯಾಕ್ ಮಾತ್ರ ಅಟ್ಟಿಸಿಕೊಂಡು ಹೋಗುವ ಜಾತಿ. (ಗ್ರಾಮಾ ಕೆರಿಬಿಯನ್ ಕಡಲಿನದು, ಡಾಟಿಬ್ಯಾಕ್ ಪಶ್ಚಿಮ ಪೆಸಿಫಿಕ್‌ನದು. ಕೊಳ್ಳುವಾಗ ಬೆನ್ನಿನ ರೆಕ್ಕೆ ನೋಡಿ. ಮುಂತುದಿಯಲ್ಲಿ ಕಪ್ಪು ಚುಕ್ಕೆ ಇದ್ದರೆ ಗ್ರಾಮಾ.)

ಸಾಕುವವರ ಉಪಾಯಗಳೂ ಜಾಗದ ಸುತ್ತಲೇ ಇವೆ. ಜೋರಿನ ಮೀನನ್ನು ಎಲ್ಲಕ್ಕಿಂತ ಕೊನೆಗೆ ಬಿಡುತ್ತಾರೆ. ಮೊದಲೇ ಬಂದರೆ ಇಡೀ ಟ್ಯಾಂಕ್ ತನ್ನದೇ ಅಂತ ಕೂತುಬಿಡುತ್ತದೆ. ಹೊಸ ಮೀನು ಬಿಡುವಾಗ ಕಲ್ಲುಗಳನ್ನು ಬೇರೆ ಥರ ಜೋಡಿಸುವುದೂ ಇದಕ್ಕೇ. ಹಳೆಯದಕ್ಕೆ ಗುರುತು ತಪ್ಪುತ್ತದೆ, ಇಬ್ಬರೂ ಹೊಸದಾಗಿ ಸಂದಿ ಹುಡುಕಬೇಕು.

ಇದಕ್ಕೆ ನನಗೆ ಹೊಳೆದದ್ದು ಬದುಜಗಳ. ಗದ್ದೆಯ ಬದುವಿಗೆ ಹೊಡೆದಾಡುವವರು ಸಂತೆಯಲ್ಲಿ ಎದುರಾದರೆ ಸುಮ್ನೆ ಹೋಗುತ್ತಾರೆ, ಅಲ್ವಾ? ಆದರೆ 'ಬದುಜಗಳದ ಮೀನು' ತೀರಾ ಉದ್ದ. 'ಹದ್ದು ಕಾಯುವ ಮೀನು' ಅಂದರೆ ಸರ್ವೆಯವರಿಗೆ ತಿಳಿದೀತು, ಮಿಕ್ಕವರು ಆಕಾಶ ನೋಡುತ್ತಾರೆ. 'ಸಿಡುಕ' ಚಿಕ್ಕದಾಗಿದೆ, ಆದರೆ ಅದರಲ್ಲಿ ಜಾಗದ ಮಾತೇ ಇಲ್ಲ.

ಕರಾವಳಿ ಕಡೆಯವರು ಇದ್ದರೆ ಹೇಳಿ: ಕಲ್ಲಿನ ಸಂದಿ ಬಿಟ್ಟುಕೊಡದ ಮೀನಿಗೆ ನಿಮ್ಮಲ್ಲಿ ಏನಂತಾರೆ? ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿಸುವವರ ಬಾಯಲ್ಲಿ ಏನಾದರೂ ಮಾತಿದ್ದರೆ ಅದೂ ನಡೆಯುತ್ತದೆ. ತುಳು, ಕೊಂಕಣಿಯದಾದರೂ ಅಡ್ಡಿಯಿಲ್ಲ. ಪಟ್ಟಿಯ ತಲೆಬರಹದಲ್ಲಿ ಹಿಡಿಸುವಷ್ಟು ಚಿಕ್ಕದಿದ್ದರೆ ಆಯಿತು.